ತಂಡೇಲರು ತುಂಬಿಸಿದ ಹಂಡೆ

ಮಂಗಳೂರು ಮದರಾಸಿನಿಂದ ಕಳಚಿಕೊಂಡು ಮೈಸೂರಿಗೆ ಸೇರಿದ ವರ್ಷ, ಕುದ್ರೋಳಿಯ ಇದಿನಬ್ಬರ ಮನೆಯ ತಾಮ್ರದ ಹಂಡೆಗೆ ಏಳು ಕಡಲಿನಾಚೆಗೂ ಜೋಡಿ ಇರಲಿಲ್ಲ. ಅದರೊಳಗೆ ಒಂದು ಪತ್ತೆಮಾರಿ ಹಡಗನ್ನು ಹಾಯಿ ಬಿಚ್ಚಿ ತಿರುಗಿಸಬಹುದಿತ್ತು. ಕಾದಾಗ ಅದರ ಹಬೆಗೆ ಮೇಲೆ ಹಾರುವ ಕಾಗೆಗಳ ಪುಕ್ಕ ಉದುರುತ್ತಿತ್ತು. ಕಾಯಬೇಕಲ್ಲ, ಅದೇ ಕಷ್ಟ. ಅದರ ನೀರು ಬಿಸಿಯಾಗುವಷ್ಟರಲ್ಲಿ ತೊಟ್ಟಿಲ ಮಕ್ಕಳಿಗೆ ಮೀಸೆ ಬರುತ್ತಿತ್ತು.

ಮೇಲಿಂದ ಇದಿನಬ್ಬರ ಹೆಂಡತಿ ಹವ್ವಮ್ಮನ ಕಾನೂನು ಬೇರೆ: ಮಿಂದವರು ಎಷ್ಟು ನೀರು ತೆಗೆದರೋ ಅಷ್ಟನ್ನು ಬಾವಿಯಿಂದ ಸೇದಿ ಹಂಡೆಗೆ ಸುರಿಯಲೇಬೇಕು. ಹೀಗಾಗಿ ಆ ಮನೆಯಲ್ಲಿ ಮೊದಲು ಮಿಂದವರ ಚರ್ಮ ಸುಲಿಯುತ್ತಿತ್ತು, ಆಮೇಲೆ ಮಿಂದವರ ಹಲ್ಲು ಕಟಕಟಿಸುತ್ತಿತ್ತು.

ಸೊಸೆ ರುಖಿಯಾ ಆ ದಿನ ಬೆಳಕು ಹರಿಯುವ ಮೊದಲೇ ಬಚ್ಚಲು ಕೊಟ್ಟಿಗೆಯ ಒಲೆ ಹಚ್ಚಿದ್ದಳು. ಗಂಡ ಶುಕೂರ್ ಪತ್ತೆಮಾರಿಯ ಖಲಾಸಿ. ಕಲ್ಲಿಕೋಟೆಯಿಂದ ಬಂದ ಹಡಗು ಬಂದರಿನಲ್ಲಿ ಹಂಚು ತುಂಬಿಕೊಂಡು ಮಧ್ಯಾಹ್ನದ ಉಬ್ಬರಕ್ಕೆ ಬೊಂಬಾಯಿಗೆ ಹೊರಡುವುದಿತ್ತು. ನಡುವೆ ಮನೆಗೆ ಬಂದು ಮಿಂದು, ಉಂಡು ಹೋಗುವಷ್ಟೇ ಬಿಡುವು.

ಹೊಳೆಯಾಚೆ ಉಳ್ಳಾಲದಲ್ಲಿ ರುಖಿಯಾಳನ್ನು ಹೆತ್ತ ಉಮ್ಮ ಪಾತುಮ್ಮ ಹಾಸಿಗೆ ಹಿಡಿದಿದ್ದಳು. ಗಂಜಿಯೂ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಸುದ್ದಿ ಬಂದಿತ್ತು. ರುಖಿಯಾ ಅತ್ತೆಯ ಮೂಲಕ ಕೇಳಿಸಿದ್ದಕ್ಕೆ ಇದಿನಬ್ಬರು, "ಗಂಡನ ಮಾತಿಲ್ಲದೆ ನಾನು ಹೇಗೆ ಕಳಿಸುವುದು? ಅವನು ಹೇಳಲಿ, ಕಳಿಸ್ತೇನೆ" ಎಂದಿದ್ದರು. ಮಗನಿಗೆ ಸುದ್ದಿ ಮುಟ್ಟಿಸುವ ಗೋಜಿಗೆ ಮಾತ್ರ ಹೋಗಿರಲಿಲ್ಲ.

ಹಿರಿಯರ ಎದುರು ಗಂಡನೊಡನೆ ಮಾತಾಡುವ ಕ್ರಮ ಆ ಮನೆಯಲ್ಲಿರಲಿಲ್ಲ. ಗಂಡ ಮೀಯುವಾಗ ನೀರು ಹದ ಮಾಡಿಕೊಡಲು ಹೆಂಡತಿ ಬಚ್ಚಲಿನೊಳಗೆ ಹೋಗಬಹುದಿತ್ತು, ಮಾತಿಗೆ ಸಿಗುವ ಎಡೆ ಅದೊಂದೇ. 'ಉಮ್ಮನಿಗೆ ಜೋರುಂಟು. ನನ್ನನ್ನು ಉಳ್ಳಾಲಕ್ಕೆ ಕಳಿಸಲಿಕ್ಕೆ ಹೇಳಿ.' ಇದನ್ನು ಅವಳು ಒಲೆಯ ಮುಂದೆ ಲಕ್ಷ ಸಲ ಹೇಳಿಕೊಂಡಿದ್ದಳು. ಗೋಡೆಯ ಮಸಿಗೂ ಬಾಯಿಪಾಠವಾಗಿತ್ತು.

ಹಂಡೆ ಕೊತಕೊತ ಕುದಿಯುವ ಹೊತ್ತಿಗೆ ಶುಕೂರ್ ಬಂದ. ಒಬ್ಬನೇ ಬರಲಿಲ್ಲ. ಹಡಗಿನ ಯಜಮಾನ ಜಮಾಲುದ್ದೀನ್ ತಂಡೇಲರೂ ಜೊತೆಗಿದ್ದರು. ಅವರು ಕೂತರೆ ಪತ್ತೆಮಾರಿ ಒಂದೇ ಬದಿಗೆ ವಾಲುವಂಥ ದೇಹ.

"ಮೊದಲು ತಂಡೇಲರು ಮೀಯಲಿ" ಎಂದರು ಇದಿನಬ್ಬರು.

ತಂಡೇಲರು ಮಿಂದ ನೀರು ಗುಜ್ಜರಕೆರೆಯನ್ನು ಎರಡು ಸಲ ತುಂಬಿಸುತ್ತಿತ್ತು. ಆದರೂ ಹಂಡೆಯಲ್ಲಿ ಅರ್ಧ ಉಳಿದಿತ್ತು, ಕುದಿಯುವ ನೀರು, ಶುಕೂರನಿಗೆ ಧಾರಾಳ. ಅಷ್ಟರಲ್ಲಿ ಬಾವಿಯ ರಾಟೆ ಕಿರ್ರೆಂದಿತು.

"ಬೇಡ ತಂಡೇಲರೇ, ನೀವು ನೀರು ಸೇದುವುದಾ?" ಹವ್ವಮ್ಮ ಒಳಗಿಂದಲೇ ಕೂಗಿದಳು.

"ನಿಮ್ಮ ಮನೆಯ ಕ್ರಮ ನನಗೆ ಗೊತ್ತಿಲ್ವಾ? ಉಂಡ ಮನೆಗೆ ಉಪದ್ರ ಕೊಡುವ ಜನ ಅಲ್ಲ ನಾನು."

ಕೊಡದ ಮೇಲೆ ಕೊಡ ಸುರಿದು, ಹಂಡೆಯನ್ನು ಕಂಠದವರೆಗೆ ತುಂಬಿಸಿಯೇ ಅವರು ಬಿಟ್ಟರು. ಬಾಗಿಲ ಸಂದಿಯಲ್ಲಿ ನಿಂತ ರುಖಿಯಾಳಿಗೆ ಬೇಡವೆನ್ನಲು ಬಾಯಿರಲಿಲ್ಲ. ಮನೆಗೆ ಬಂದ ಹಿರಿಯರು.

ಅವಳು ಒಲೆಗೆ ತೆಂಗಿನ ಸಿಪ್ಪೆ ತುರುಕಿದಳು. ಹಿಂದಿನ ದಿನದ ಅಕಾಲದ ಮಳೆಗೆ ನೆನೆದ ಸಿಪ್ಪೆ ಕುದ್ರೋಳಿಗೆಲ್ಲ ಕತ್ತಲು ಕವಿಸುವಷ್ಟು ಹೊಗೆ ಕೊಟ್ಟಿತು, ಬೆಂಕಿ ಕೊಡಲಿಲ್ಲ. ಅವಳು ಊದುಕೊಳವೆಯಲ್ಲಿ ಊದಿದ ಗಾಳಿಗೆ ಒಂದು ಹಡಗು ಬೊಂಬಾಯಿ ಮುಟ್ಟಿ ವಾಪಸು ಬರುತ್ತಿತ್ತು. ಹಂಡೆ ಮಾತ್ರ ಸತ್ತ ಎಮ್ಮೆಯ ಹಾಗೆ ತಣ್ಣಗೆ ಕೂತಿತ್ತು.

ಶುಕೂರ್ ಬಂದು ನೀರಿಗೆ ಕೈ ಅದ್ದಿದ. "ಎಂತ ಇದು, ಬಾವಿಗಿಂತ ತಣ್ಣಗೆ ಉಂಟಲ್ಲ."

ರುಖಿಯಾ ತಲೆ ಎತ್ತಿದಳು. "ಉಮ್ಮ..." ಎಂದಳು. ಹೊಗೆ ಗಂಟಲಿಗೆ ಹೋಗಿ ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಹವ್ವಮ್ಮ ಬಾಗಿಲಲ್ಲಿದ್ದಳು.

"ಹೊಗೆಯಲ್ಲಿ ಎಂತ ಮಾಡ್ತೀ ಮೋನೆ, ಬಾ, ರೊಟ್ಟಿ ತಣಿಯುತ್ತದೆ. ಕಾದಾಗ ಅವಳು ಕರೀತಾಳೆ" ಎಂದು ಮಗನ ತೋಳು ಹಿಡಿದು ಕರೆದುಕೊಂಡು ಹೋದಳು.

ರುಖಿಯಾ ಊದಿದಳು. ಕಣ್ಣೀರು ಹೊಗೆಯದ್ದೋ ತನ್ನದೋ ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಕಡೆಗೆ ಹಂಡೆ ಗೊಣಗಿತು, ಅಂಚಿನಲ್ಲಿ ಗುಳ್ಳೆ ಎದ್ದಿತು. ಅಷ್ಟರಲ್ಲಿ ಜಗಲಿಯಲ್ಲಿ ತಂಡೇಲರ ಸ್ವರ: "ಏಳು ಮಾರಾಯ, ಇಳಿತ ಹಿಡಿದರೆ ಹೊಳೆಬಾಯಿಯ ಅಳಿವೆ ದಾಟಲಿಕ್ಕಿಲ್ಲ."

ಅವಳು ಓಡಿದಳು. ಗಂಡಸರ ಎದುರು ಅವಳ ಸ್ವರ ಆವರೆಗೆ ಯಾರೂ ಕೇಳಿದ್ದಿಲ್ಲ. ಶುಕೂರ್ ಮೆಟ್ಟಿಲಿಳಿದಾಗಿತ್ತು. ಮಾವ, ಅತ್ತೆ, ತಂಡೇಲರು, ಎಲ್ಲರೂ ಅವಳ ಮಸಿ ಹಿಡಿದ ಮುಖವನ್ನೇ ನೋಡಿದರು. ಲಕ್ಷ ಸಲ ಹೇಳಿಕೊಂಡ ಮಾತು ಎಲ್ಲಿಗೋ ಓಡಿಹೋಯಿತು.

"ನೀರು ಕಾಯ್ತು" ಎಂದಳು.

"ಇವನನ್ನು ಇನ್ನು ಅರಬಿ ಕಡಲೇ ಮೀಯಿಸ್ತದೆ" ಎಂದು ತಂಡೇಲರು ನಕ್ಕರು.

"ಇನ್ನು ಬಂದಾಗ ಮೀಯ್ತೇನೆ" ಎಂದ ಶುಕೂರ್. ಇನ್ನು ಬರುವುದೆಂದರೆ ಹಡಗುಗಳು ಕಡಲಿಗಿಳಿಯದ ಮಳೆಗಾಲಕ್ಕೆ. ಅವಳನ್ನೊಮ್ಮೆ ನೋಡಿ, ಏನೋ ಕೇಳುವವನಂತೆ ನಿಂತು, ತಂಡೇಲರು ಭುಜ ತಟ್ಟಿದ್ದಕ್ಕೆ ಹೊರಟೇ ಹೋದ.

ಅವರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಇದಿನಬ್ಬರು ಎದ್ದರು. "ಇಷ್ಟು ಸಿಪ್ಪೆ ಉರಿಸಿ ನೀರು ಹಾಳಾಗುವುದು ಬೇಡ. ನಾನೇ ಮೀಯ್ತೇನೆ."

ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಕರೆ ಬಂತು. "ಭಾರೀ ಬಿಸಿ ಉಂಟು ರುಖಿಯಾ. ಎರಡು ಕೊಡ ತಣ್ಣೀರು ತಾ."

ಅವಳು ಕೊಡ ತೆಗೆದುಕೊಂಡು ಬಾವಿಕಟ್ಟೆಗೆ ಹೋದಳು.