ಎರಡನೇ ಮೊಳೆ

ನಮ್ಮ ಮಾವ ಚಿಕ್ಕಮುನಿಯಪ್ಪನವರ ಮುಂದೆ ಎರಡು ವಿಷಯದಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ. ಒಂದು ಮುದ್ದೆಯ ಹದ, ಇನ್ನೊಂದು ಕರೆಂಟಿನ ಕೆಲಸ. ಮುದ್ದೆಯ ವಿಷಯದಲ್ಲಿ ನಾನು ಸುಮ್ಮನಿರುತ್ತೇನೆ. ಕರೆಂಟಿನ ವಿಷಯದಲ್ಲಿ ಸುಮ್ಮನಿರಲು ಆಗಲಿಲ್ಲ, ಏಕೆಂದರೆ ಆ ಕರೆಂಟು ಬರಬೇಕಾಗಿದ್ದು ನನ್ನ ಕೋಣೆಗೆ.

ಕೋಣೆ ಎಂದರೆ, ಕ್ಯಾಸಂಬಳ್ಳಿಯ ನಮ್ಮ ಮನೆಯ ಹಿಂಭಾಗದಲ್ಲಿ ಹಿಂದೊಮ್ಮೆ ರೇಷ್ಮೆ ಹುಳು ಸಾಕುತ್ತಿದ್ದ ಜಾಗ. ಹುಳು ಸಾಕುವುದನ್ನು ಬಿಟ್ಟ ಮೇಲೆ ಅಲ್ಲಿ ಹಳೆ ಮೂಟೆ, ಮುರುಕು ಸೈಕಲ್ಲು ತುಂಬಿಕೊಂಡಿದ್ದವು. ಅದನ್ನೆಲ್ಲ ಹೊರಗೆ ಹಾಕಿ, ಹುಳುವಿನ ತಟ್ಟೆ ಇಡುತ್ತಿದ್ದ ಅದೇ ಸ್ಟ್ಯಾಂಡುಗಳಲ್ಲಿ ಮೂಲಂಗಿ, ಸಾಸಿವೆ, ಮೆಂತ್ಯದ ಎಳೆ ಸೊಪ್ಪು ಬೆಳೆಯತೊಡಗಿದೆ. ಬಿಸಿಲಿನ ಬದಲು ಪ್ರತಿ ಅಟ್ಟಕ್ಕೂ ಎಲ್‌ಇಡಿ ದೀಪ. ನನ್ನ ಗಂಡ ಮುನೀಂದ್ರ ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಕೆಲಸಕ್ಕೆ ಹೋಗುವಾಗ ಸೊಪ್ಪಿನ ಡಬ್ಬಿಗಳನ್ನು ಬೆಂಗಳೂರಿನ ಹೋಟೆಲೊಂದಕ್ಕೆ ಮುಟ್ಟಿಸುತ್ತಿದ್ದ. "ನಮ್ ಅಂಬಿಕ ಅಷ್ಟಗಲ ತೋಟ ಇಟ್ಕೊಂಡು ಕತ್ಲೆ ಕೋಣೇಲಿ ಸೊಪ್ ಬೆಳೀತಾಳೆ" ಎಂದು ಅತ್ತೆ ಅಕ್ಕಯ್ಯಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ನಕ್ಕರು. ನಕ್ಕರೂ ರಾತ್ರಿ ಬೀಜ ನೆನೆಹಾಕುವುದನ್ನು ಮಾತ್ರ ಅವರು ಮರೆಯುತ್ತಿರಲಿಲ್ಲ.

ದೀಪ ಹೆಚ್ಚಿಸಿದಾಗ ತೊಂದರೆ ಶುರುವಾಯಿತು. ಎಲ್ಲವನ್ನೂ ಅಡುಗೆಮನೆಯ ಒಂದೇ ಪ್ಲಗ್ಗಿನಿಂದ ಎಳೆದಿದ್ದೆ. ಅತ್ತೆ ಗ್ರೈಂಡರ್ ಹಾಕಿದರೆ ಸಾಕು, ಮನೆಯೆಲ್ಲ ಕತ್ತಲು. ಒಂದು ದಿನ ಸುಟ್ಟ ವಾಸನೆಯೂ ಬಂತು. ಮಾವ ಬಂದು ವೈರಿನ ಮೇಲೆ ಅಂಗೈ ಇಟ್ಟು, ತಕ್ಷಣ ತೆಗೆದು, ಪ್ಲಗ್ ಕಿತ್ತುಹಾಕಿದರು.

"ಇದಕ್ಕೆ ಬೇರೆ ಲೈನೇ ಬೇಕು. ಮೀಟ್ರು ಬೋರ್ಡಿಂದ ದಪ್ಪ ವೈರು, ಅದಕ್ಕೇ ಅಂತ ಒಂದು ಎಂಸಿಬಿ, ಸರಿಯಾದ ಅರ್ತಿಂಗು. ನೀರು ಚಿಮುಕಿಸೋ ಜಾಗ, ತಮಾಸೆ ಅಲ್ಲ."

ಊರಿನ ಎಲೆಕ್ಟ್ರಿಷಿಯನ್ ಸಾಯಿಕುಮಾರನನ್ನು ಕರೆಸೋಣ ಎಂದೆ.

"ನಾನಿನ್ನೂ ಬದ್ಕಿವ್ನಿ ಕಣಮ್ಮ" ಎಂದರು.

ಮಾವ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಗಣಿ ಮುಚ್ಚಿ ಎಷ್ಟೋ ವರ್ಷಗಳಾದರೂ ಅಲ್ಲಿನ ಒಂದು ಪದ್ಧತಿಯನ್ನು ಅವರು ಮನೆಯಲ್ಲಿ ಉಳಿಸಿಕೊಂಡಿದ್ದಾರೆ. ಮೇನ್ ಸ್ವಿಚ್ಚಿನ ಪಕ್ಕ ಒಂದು ಮೊಳೆ. ವೈರು ಮುಟ್ಟುವ ಮುಂಚೆ ಮೇನ್ ಆಫ್ ಮಾಡಿ, ಗಣಿಯಲ್ಲಿ ಕೊಟ್ಟಿದ್ದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಮೊಳೆಗೆ ತೂಗುಹಾಕುತ್ತಾರೆ. ಬಿಲ್ಲೆ ಇರುವ ತನಕ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಹಾಕಿದವರೇ ತೆಗೆಯಬೇಕು. ಅಕ್ಕಿ ಗ್ರೈಂಡರಿನಲ್ಲಿ ಅರ್ಧಕ್ಕೇ ನಿಂತಿದೆ ಎಂದು ಅತ್ತೆ ಎಷ್ಟು ಗೊಣಗಿದರೂ ಅವರದು ಒಂದೇ ಉತ್ತರ.

"ಲೈನ್ ಮೇಲೆ ಆಳವ್ನೆ."

ಆ ಆಳು ಎಂದರೆ ಅವರೇ.

ಆದರೆ ಈಗ ಮಾವನ ಕೈ ನಡುಗುತ್ತದೆ. ಬಂಗಾರಪೇಟೆಯ ಅಂಗಡಿಯಲ್ಲಿ ನಿಂತು ಸಾಮಾನು ಆರಿಸಿದ್ದು ಅವರು, ಗೋಡೆಯ ಮೇಲೆ ಗೆರೆ ಎಳೆದದ್ದು ಅವರು. ಪೈಪಿನೊಳಗೆ ವೈರು ತೂರಿಸಿದವಳು, ಸ್ಟೂಲ್ ಹತ್ತಿ ಸ್ಕ್ರೂ ಬಿಗಿದವಳು ನಾನು. ಅದಕ್ಕೇ ನನಗೂ ಒಂದು ಬಿಲ್ಲೆ ಕೊಡಿ ಎಂದೆ.

"ನೀನು ಕೈಯಾಸರೆಗೆ ಬಂದೋಳು. ನಿಂಗ್ಯಾಕಮ್ಮ ಬಿಲ್ಲೆ?" ಎಂದು ನಕ್ಕರು.

ನನಗೆ ಮೈ ಉರಿಯಿತು. ಜಡೆಯ ಕೆಂಪು ಕ್ಲಿಪ್ಪು ಕಿತ್ತು ಅವರ ಬಿಲ್ಲೆಯ ಮೇಲೆಯೇ ಸಿಕ್ಕಿಸಿದೆ. ಅವರು ಅದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಮೊಳೆ ಅಂದ್ರೆ ಆಟದ್ ಸಾಮಾನಲ್ಲ."

ಮಾರನೆಯ ಮಧ್ಯಾಹ್ನ ಕೆಲಸ ಮುಗಿಯುತ್ತ ಬಂದಿತ್ತು. ನಾನು ನೀರು ಕುಡಿಯಲು ಹೊರಗೆ ಬಂದದ್ದನ್ನು ಮಾವ ನೋಡಿದರು, ಮತ್ತೆ ಒಳಗೆ ಹೋದದ್ದನ್ನು ನೋಡಲಿಲ್ಲ. ಕೊನೆಯ ಅಟ್ಟದ ಮೇಲಿನ ಜಂಕ್ಷನ್ ಬಾಕ್ಸಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬಿಚ್ಚಿದರೆ ಒಳಗೆ ಒಂದು ವೈರು ಸಡಿಲ. ಕೂಗಿ ಹೇಳಬೇಕೆಂದು ಹೊಳೆಯಲೇ ಇಲ್ಲ. ಹೇಗೂ ಬಿಲ್ಲೆ ತೂಗುತ್ತಿದೆಯಲ್ಲ ಎಂದುಕೊಂಡು ವೈರು ಹಿಡಿದೆ.

ದೀಪಗಳು ಒಮ್ಮೆಲೇ ಹತ್ತಿಕೊಂಡವು. ಯಾರೋ ತೋಳು ಹಿಡಿದು ಜಗ್ಗಿದ ಹಾಗಾಯಿತು, ಬೋರ್ಡಿನಲ್ಲಿ ಟಪ್ಪೆಂದು ಸದ್ದಾಯಿತು, ನಾನು ಮೂಲಂಗಿ ತಟ್ಟೆಗಳ ಮೇಲೆ ಬಿದ್ದಿದ್ದೆ. ಎಂಸಿಬಿಯ ಜೊತೆಗೆ ಮಾವ ಹಟ ಹಿಡಿದು ಇನ್ನೊಂದು ಬ್ರೇಕರ್ ಹಾಕಿಸಿದ್ದರು, ಕರೆಂಟು ಮೈಗೆ ಸೋರಿದ ತಕ್ಷಣ ಲೈನು ಕಡಿಯುವಂಥದ್ದು. ಅದಿಲ್ಲದಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವರ ಬಿಲ್ಲೆ ಕೈಯಲ್ಲೇ ಇತ್ತು.

"ಮೊಳೆ ನೋಡ್ದೆ ಕಣಮ್ಮ... ಇದೊಂದೇ ಇತ್ತು. ಬೇರೆ ಯಾರ್ದೂ ಇರ್ಲಿಲ್ಲ. ಅದಕ್ಕೇ ಮೇನ್ ಆಕ್ಬಿಟ್ಟೆ."

"ನಂಗೊಂದು ಬಿಲ್ಲೆ ಕೊಟ್ಟಿದ್ರೆ ತಾನೆ ಮಾವ, ಅಲ್ಲಿರೋದು!" ಎಂದು ಕಿರುಚಿದೆ. ಸಿಟ್ಟಿಗೋ ಭಯಕ್ಕೋ ಅಳು ಬಂತು. ಅತ್ತೆ ಓಡಿಬಂದು ನನ್ನನ್ನು ಎಬ್ಬಿಸಿದರು.

ಆಮೇಲೆ ಮೊಣಕೈಗೆ ಅರಿಶಿನ ಹಚ್ಚಿಸಿಕೊಳ್ಳುತ್ತ ಅದನ್ನೇ ಯೋಚಿಸಿದೆ. ಅವರು ಪದ್ಧತಿ ತಪ್ಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮೊಳೆಯ ಮೇಲೆ ಯಾರ ಗುರುತಿದೆಯೋ ಅವರು ಮಾತ್ರ ಲೈನಿನ ಮೇಲಿದ್ದಾರೆಂದು ಲೆಕ್ಕ. ಆ ಕೋಣೆಯ ವೈರುಗಳೆಲ್ಲ ನನ್ನ ಕೈಯಲ್ಲಿ ಹಾದುಹೋಗಿದ್ದರೂ ಮಾವನ ಲೆಕ್ಕದಲ್ಲಿ ನಾನು ಅಲ್ಲಿರಲೇ ಇಲ್ಲ. ಅವತ್ತು ಅವರು ಮುದ್ದೆ ಮುಟ್ಟಲಿಲ್ಲ. ಪಾಪ ಅನ್ನಿಸಿತು, ಆದರೂ ನಾನು ಮಾತಾಡಿಸಲಿಲ್ಲ.

ಬೆಳಿಗ್ಗೆ ಸುತ್ತಿಗೆಯ ಸದ್ದಿಗೆ ಹೋಗಿ ನೋಡಿದರೆ ಹಳೆ ಮೊಳೆಯ ಪಕ್ಕ ಇನ್ನೊಂದು ಮೊಳೆ. ನಡುಗುವ ಕೈ ಹೊಡೆದದ್ದು, ಸೊಟ್ಟಗಿತ್ತು. ಮಾವ ಮೇನ್ ಆಫ್ ಮಾಡಿ ತಮ್ಮ ಬಿಲ್ಲೆ ಹಾಕಿದರು. ಕಿಟಕಿಯ ಕಟ್ಟೆಯಿಂದ ನನ್ನ ಕೆಂಪು ಕ್ಲಿಪ್ಪು ತಂದು ಮುಂದೆ ಹಿಡಿದರು.

"ಒಳೀಕ್ ಓಗೋ ಮುಂಚೆ ನೀನೇ ಆಕಮ್ಮ. ನೀನೇ ತೆಗೀಬೇಕು."

ಸೊಟ್ಟ ಮೊಳೆಗೆ ಕ್ಲಿಪ್ಪು ಸಿಕ್ಕಿಸಿ ಒಳಗೆ ಹೋದೆ. ಸಡಿಲ ವೈರು ಬಿಗಿದೆ. ಆಮೇಲೆ ಪ್ರತಿಯೊಂದು ಬಾಕ್ಸನ್ನೂ ಮತ್ತೆ ಬಿಚ್ಚಿ ನೋಡಿದೆ, ಬೇಕೆಂತಲೇ ನಿಧಾನವಾಗಿ. ಕಾಯಲಿ ಅನ್ನಿಸಿತ್ತು. ಅಷ್ಟರಲ್ಲಿ ಹೊರಗೆ ಅತ್ತೆಯ ದನಿ ಏರಿತು.

"ಅಕ್ಕಿ ಉಳಿ ಬತ್ತೈತೆ, ಮೇನ್ ಆಕ್ರೀ ಅತ್ಲಾಗೆ! ನಿಮ್ ಬಿಲ್ಲೆ ತೆಗ್ದಾಯ್ತು, ನೀವ್ ನೋಡಿದ್ರೆ ಇಲ್ಲೇ ನಿಂತಿದ್ದೀರ. ಇನ್ಯಾಕೆ ಕಾಯೋದು?"

"ಕೈ ತೆಗಿ ಅಲ್ಲಿಂದ" ಎಂದರು ಮಾವ. ಅವರು ಅತ್ತೆಯನ್ನು ಗದರಿದ್ದನ್ನು ನಾನು ಕೇಳಿದ್ದೇ ಅಪರೂಪ. "ಲೈನ್ ಮೇಲೆ ಅಂಬಿಕ ಅವ್ಳೆ."

ಸ್ಟೂಲಿನ ಮೇಲೆ ನಿಂತಿದ್ದ ನನ್ನ ಕಣ್ಣು ತುಂಬಿತು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಕೊನೆಯ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿದು, ನನ್ನ ಕ್ಲಿಪ್ಪು ತೆಗೆಯಲು ಹೊರಗೆ ಹೋದೆ.