ಬಾಯಿಗಲ್ಲ, ಮೈಗೆ

ಚೆನ್ನೈನ ವೆಸ್ಟ್ ಮಾಂಬಲಂನ ಆ ಕಿರುಬೀದಿಯಲ್ಲಿ ಬೇಸಿಗೆ ಬಂತೆಂದರೆ ನಲ್ಲಿಯಲ್ಲಿ ನೀರು ತಪ್ಪೀತು, ಬಾಯಲ್ಲಿ ಸಲಹೆ ತಪ್ಪುವುದಿಲ್ಲ. ನೆಗಡಿಯೆಂದರೆ ಒಬ್ಬರು ಕಷಾಯ ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆ ಎನ್ನುತ್ತಾರೆ, ಮತ್ತೊಬ್ಬರು ಸುಮ್ಮನೆ ಮಲಗು ಎನ್ನುತ್ತಾರೆ. ಇಂಥ ಬೀದಿಯಲ್ಲಿದ್ದುಕೊಂಡು ಸತ್ಯಾತ್ಮ ಟ್ರೈಯಾಥ್ಲಾನ್‌ಗೆ ಹೆಸರು ಕೊಟ್ಟ. ಇನ್ನು ಕೇಳಬೇಕೆ!

ಟ್ರೈಯಾಥ್ಲಾನ್ ಎಂದರೆ ಮೊದಲು ಈಜು, ಒದ್ದೆ ಮೈಯಲ್ಲೇ ಸೈಕಲ್, ಸೈಕಲ್ ಇಳಿದವನೇ ಓಟ. ಮೂರೂ ಒಂದೇ ಬೆಳಗ್ಗೆ. ಸತ್ಯಾತ್ಮನಿಗೆ ನಲವತ್ತು ದಾಟಿತ್ತು. ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಕುರ್ಚಿ ಬಿಟ್ಟು ಏಳದ ಕೆಲಸ. ಸಕ್ಕರೆ ಕಾಯಿಲೆ ಅಂಚಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ್ದರು. ಅದೇ ಕಾಯಿಲೆಯಲ್ಲಿ ಅವನ ಅಪ್ಪ ಬೇಗ ಹೋಗಿಬಿಟ್ಟಿದ್ದರು. ಈ ಪಂದ್ಯ ಮುಗಿಸಿದರೆ ತಾನು ಅಪ್ಪನ ದಾರಿ ಹಿಡಿಯುವುದಿಲ್ಲ ಎಂಬ ಮಾತು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಈಜು ಹೇಗೋ ಕಲಿತ. ಸೈಕಲ್ಲೂ ಹತ್ತಿದ. ತಲೆ ಕೆಟ್ಟದ್ದು ನೀರಿನ ವಿಷಯದಲ್ಲಿ.

“ಸಾರ್, ಪ್ರಾಕ್ಟೀಸ್ ಟೈಮಲ್ಲಿ ನೀರು ಕಮ್ಮಿ ಕುಡೀಬೇಕು. ಬಾಡಿ ಪಳಗಬೇಕು ಸಾರ್,” ಎಂದ ವಿಘ್ನೇಶ್. ಅವನು ಸತ್ಯಾತ್ಮನ ಆಫೀಸಿನ ಹುಡುಗ, ಹೋದ ವರ್ಷ ಇಂಥ ಪಂದ್ಯ ಮುಗಿಸಿ ಮೆಡಲ್ ತಂದವನು. ಅವನ ಮಾತೆಂದರೆ ಸತ್ಯಾತ್ಮನಿಗೆ ವೇದವಾಕ್ಯ.

“ಬೆವರು ಸುರೀತಿರೋವಾಗ ನೀರು ಕುಡಿಬ್ಯಾಡ್ವೋ, ಜಲದೋಷ ಹಿಡ್ಕೊಂಡುಬಿಡತ್ತೆ,” ಎಂದರು ತಾಯಿ ಲಕ್ಷ್ಮಮ್ಮ.

“ರೀ, ಬಾಟ್ಲಿ ತುಂಬಿಟ್ಟಿದೀನಿ, ತಗೊಂಡ್ಹೋಗಿ,” ಎಂದಳು ಹೆಂಡತಿ ರಂಜನಿ.

ಬೀದಿಯ ತುದಿಯಲ್ಲಿ ಹೋಟೆಲು ನಡೆಸುವ ಕಾಂತಪ್ಪ ಉಡುಪಿ ಕಡೆಯವರು. “ಬರೀ ನೀರು ಸಾಲದು ಮಾರಾಯ್ರೆ. ಉಪ್ಪು ಹಾಕಿದ ಮಜ್ಜಿಗೆ ಕುಡೀರಿ. ಒಲೆ ಎದುರು ನಿಲ್ಲುವ ನಮ್ಮವರಿಗೆಲ್ಲ ನಾನು ಅದೇ ಕೊಡುವುದು,” ಎಂದರು ಅವರು.

ಸತ್ಯಾತ್ಮ ಎಲ್ಲರಿಗೂ ತಲೆಯಾಡಿಸಿದ. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರದ್ದು ಸುಳ್ಳಾಗುತ್ತದೆ. ಯಾರದ್ದು ನಿಜ? ಒಂದು ದಿನ ಕುಡಿದ, ಒಂದು ದಿನ ಬಿಟ್ಟ, ಒಂದು ದಿನ ಬಾಯಿ ಮುಕ್ಕಳಿಸಿ ಉಗಿದ.

ಅಷ್ಟರಲ್ಲಿ ಶನಿವಾರ ಏಕಾದಶಿ ಬಂತು. ಅವರದು ಮಾಧ್ವರ ಮನೆ. ಏಕಾದಶಿ ಎಂದರೆ ಅನ್ನವಿರಲಿ, ಒಂದು ತೊಟ್ಟು ನೀರೂ ಇಲ್ಲ. ಮಾರನೆಯ ಬೆಳಗ್ಗೆ ದ್ವಾದಶಿಯ ಪೂಜೆ ಮುಗಿದು, ತೀರ್ಥ ತೆಗೆದುಕೊಂಡ ಮೇಲೇ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಉಪನಯನವಾದಾಗಿನಿಂದ ಸತ್ಯಾತ್ಮ ಇದನ್ನು ತಪ್ಪಿಸಿದವನಲ್ಲ. ಈಗ ಅವನಿಗೆ ಥಟ್ಟನೆ ಎಲ್ಲ ಹೊಂದಿಕೊಂಡಂತೆ ಕಂಡಿತು. ನೀರು ಬೇಡ ಎನ್ನುತ್ತಾನೆ ವಿಘ್ನೇಶ್, ಬೇಡ ಎನ್ನುತ್ತಾಳೆ ಅಮ್ಮ, ಬೇಡ ಎನ್ನುತ್ತದೆ ಏಕಾದಶಿ. ಹೊಟ್ಟೆ ಖಾಲಿ, ಮೈ ಹಗುರ. ಪಾರಣೆಗೆ ಮುಂಚೆ ಸೈಕಲ್ಲೂ ಓಟವೂ ಮುಗಿಸಿ ಬಂದರೆ ವ್ರತವೂ ಆಯಿತು, ಅಭ್ಯಾಸವೂ ಆಯಿತು! ಪಾಪ, ಅವನ ಲೆಕ್ಕಾಚಾರ ಅಷ್ಟು ಸೊಗಸಾಗಿತ್ತು.

ಭಾನುವಾರ ಬೆಳಗಿನ ಜಾವ ರಂಜನಿ ತುಂಬಿಟ್ಟ ಬಾಟ್ಲಿ ಮೇಜಿನ ಮೇಲೇ ಉಳಿಯಿತು.

ಸಮುದ್ರದ ದಾರಿಯಲ್ಲಿ ಹೋಗುವಾಗ ಸುಖವಾಗಿತ್ತು. ಹಿಂದಿರುಗುವಾಗ ಎದುರುಗಾಳಿ, ಮೇಲೆ ಮೇ ತಿಂಗಳ ಚೆನ್ನೈ ಬಿಸಿಲು. ತಲೆ ಸಿಡಿಯತೊಡಗಿತು. ಮೀನಖಂಡ ಹಿಡಿದುಕೊಂಡಿತು. ಮೈ ಪಳಗುತ್ತಿದೆ ಎಂದುಕೊಂಡ. ಕಾಂತಪ್ಪನವರ ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿ ಓಟ ಶುರು ಮಾಡಿದ.

ಎರಡು ಬೀದಿ ದಾಟುವಷ್ಟರಲ್ಲಿ ಅವನಿಗೆ ತನ್ನ ಮನೆ ಯಾವ ಕಡೆ ಎಂದು ತಿಳಿಯಲಿಲ್ಲ. ಹುಟ್ಟಿ ಬೆಳೆದ ಜಾಗ! ಎಡಕ್ಕೆ ಹೋದ, ಅದೇ ಪಿಳ್ಳೈಯಾರ್ ಗಣಪತಿಯ ಗುಡಿ. ಬಲಕ್ಕೆ ಹೋದ, ಮತ್ತೆ ಅದೇ ಗುಡಿ. ಯಾರೋ ಬೇಕೆಂತಲೇ ಬೀದಿಗಳನ್ನು ಅದಲುಬದಲು ಮಾಡಿದ್ದಾರೆ ಎಂದು ಸಿಟ್ಟು ಬಂತು. ಗುಡಿಯ ಮುಂದೆ ಹೂ ಮಾರುವಾಕೆಯನ್ನು ಕೇಳಿದ: “ಅಮ್ಮಾ, ಮಾಂಬಲಂಗೆ ಎಪ್ಪಡಿ ಪೋಗಣುಂ?”

ಮಾಂಬಲಂನಲ್ಲೇ ನಿಂತುಕೊಂಡು ಮಾಂಬಲಂಗೆ ದಾರಿ ಕೇಳುತ್ತಿದ್ದಾನೆ! ದಿನಾ ನೋಡುವ ಮನುಷ್ಯ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಯಾಕೆಂದು ಅವನಿಗೆ ಗೊತ್ತಾಗಲಿಲ್ಲ.

ತೂರಾಡುತ್ತ ಹೋಟೆಲಿಗೆ ಬಂದವನು ನೇರವಾಗಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತ. “ಒಂದು ಮಾಂಬಲಂ ಟಿಕೆಟ್ ಕೊಡಿ,” ಎಂದ.

“ಎಂತ ಸತ್ಯಾತ್ಮರೇ, ಇದು ಸ್ಟೇಷನ್ನಾ?” ಎಂದು ಕಾಂತಪ್ಪ ನಗಲು ಹೊರಟರು. ಅವರ ಮಗಳು ಪ್ರಣಮ್ಯಾ ಅಲ್ಲೇ ಕಾಫಿ ಕುಡಿಯುತ್ತಿದ್ದಳು. ಅವಳು ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಎದ್ದು ಬಂದು ಅವನ ಕತ್ತಿನ ಮೇಲೆ ಕೈಯಿಟ್ಟಳು. ಮೈ ಕೆಂಡ.

“ನಗ್ಬೇಡಿ ಅಪ್ಪ! 108ಕ್ಕೆ ಫೋನ್ ಮಾಡಿ, ಬೇಗ. ಇವರನ್ನು ಫ್ಯಾನ್ ಕೆಳಗೆ ಮಲಗಿಸಿ.”

ಹೋಟೆಲಿಗೆ ಹೋಟೆಲೇ ಎದ್ದಿತು. ಒಬ್ಬ ಸೋಡಾ ತಂದ, ಒಬ್ಬ ಕಾಫಿ ತಂದ, ಅಡುಗೆಯವರು ಮಜ್ಜಿಗೆ ತಂದರು. ಸುದ್ದಿ ಕೇಳಿ ಲಕ್ಷ್ಮಮ್ಮ ತೀರ್ಥದ ಬಟ್ಟಲು ಹಿಡಿದು ಓಡಿಬಂದರು. ಹಿಂದೆಯೇ ರಂಜನಿ, ಆ ಬಾಟ್ಲಿಯ ಜೊತೆ.

“ಬಾಯಿಗೆ ಬೇಡ! ಮೈಗೆ, ಮೈಗೆ ಹಾಕಿ!” ಪ್ರಣಮ್ಯಾ ಕೂಗಿದಳು.

“ಏನಮ್ಮಾ ಇದು? ನಿನ್ನೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಮಗು. ಪಾರಣೆ ಹೊತ್ತು ಬೇರೆ ಮೀರ್ತಿದೆ!”

“ಮಾಮಿ, ಅವರಿಗೆ ಈಗ ಪ್ರಜ್ಞೆ ಸರಿಯಾಗಿ ಇಲ್ಲ. ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ತೀರ್ಥ ಆಮೇಲೆ ನಿಮ್ಮ ಕೈಯಿಂದಲೇ ಕೊಡಿ. ಈಗ ತಲೆಗೆ, ಕುತ್ತಿಗೆಗೆ, ಕಂಕುಳಿಗೆ ನೀರು ಹಾಕಿ, ಗಾಳಿ ಬೀಸಿ.”

ಲಕ್ಷ್ಮಮ್ಮ ತೀರ್ಥದ ಬಟ್ಟಲನ್ನು ಮೇಜಿನ ಮೇಲಿಟ್ಟು ಚೊಂಬು ಹಿಡಿದರು. ಆಂಬುಲೆನ್ಸ್ ಬರುವ ತನಕ ಮಗನ ತಲೆಗೆ ನೀರು ಸುರಿದರು. ರಂಜನಿ ತಿಂಡಿಯ ತಟ್ಟೆಯಲ್ಲಿ ಗಾಳಿ ಬೀಸಿದಳು.

ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತ ಸತ್ಯಾತ್ಮ ಕೇಳಿದ ಮೊದಲ ಪ್ರಶ್ನೆ: “ಮುಂದಿನ ತಿಂಗಳು ಪಂದ್ಯಕ್ಕೆ ಹೋಗಬಹುದಲ್ಲ?”

“ಇಲ್ಲ ಅಂಕಲ್,” ಎಂದಳು ಪ್ರಣಮ್ಯಾ. “ಒಮ್ಮೆ ಬಿಸಿಲು ಹೀಗೆ ಹೊಡೆದ ಮೇಲೆ ಮೈ ಸುಧಾರಿಸಲಿಕ್ಕೆ ವಾರಗಟ್ಟಲೆ ಬೇಕು.”

ನೀರು ಬಿಟ್ಟದ್ದರಿಂದ ಹೀಗಾಯಿತೆಂದು ಲಕ್ಷ್ಮಮ್ಮನಿಗೆ ಇನ್ನೂ ನಂಬಿಕೆಯಿಲ್ಲ. “ನಾನೂ ಇಷ್ಟು ವರ್ಷ ಏಕಾದಶಿ ಮಾಡ್ತಿದೀನಿ. ನಂಗೇನಾಯ್ತು?”

“ನೀವು ಏಕಾದಶಿ ದಿನ ದೇವರ ಮುಂದೆ ಕೂತಿರ್ತೀರಿ ಮಾಮಿ. ಬಿಸಿಲಲ್ಲಿ ಸೈಕಲ್ ಹೊಡೀತೀರಾ?”

ರಂಜನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ವ್ರತ ಬಿಡಿ ಅಂತ ನಾನು ಹೇಳುವುದಿಲ್ಲ. ಉಪವಾಸದ ದಿನವೂ ಮಾರನೇ ದಿನವೂ ಮೈಗೆ ರೆಸ್ಟ್ ಕೊಡಿ. ಸಕ್ಕರೆ, ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ನೀರು ಬಿಡಬಾರದು. ಬೆವರು ಸುರಿಸುವ ದಿನ ಸ್ವಲ್ಪ ಸ್ವಲ್ಪ ನೀರು, ಉಪ್ಪಿನ ಮಜ್ಜಿಗೆ ಕುಡೀಲೇಬೇಕು. ತಲೆನೋವು, ವಾಕರಿಕೆ, ಕಾಲು ಹಿಡಿಯುವುದು ಶುರುವಾದ್ರೆ ಅಲ್ಲಿಗೇ ನಿಲ್ಲಿಸಬೇಕು. ಮಾತು ತಪ್ಪಿದ್ರೆ, ದಾರಿ ಗೊತ್ತಾಗದಿದ್ರೆ ಅದು ತಮಾಷೆ ಅಲ್ಲ, ಪ್ರಾಣಕ್ಕೆ ಬಂದದ್ದು.”

ಸತ್ಯಾತ್ಮನ ಕಣ್ಣು ತುಂಬಿತು. “ಓಡದೆ ಕೂತ್ರೆ ನಾನೂ ಅಪ್ಪನ ಹಾಗೇ ಹೋಗ್ತೀನಮ್ಮಾ.”

“ಮೊನ್ನೆ ಓಡಿಯೇ ಹೋಗ್ತಿದ್ಯಲ್ಲೋ!” ಎಂದು ಲಕ್ಷ್ಮಮ್ಮ ಅತ್ತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು, “ಬೇರೆ ಪಂದ್ಯ ಬರತ್ತೆ. ಪಂಚಾಂಗ ನಾನೇ ನೋಡಿ ಹೇಳ್ತೀನಿ,” ಎಂದರು.

ಪಂದ್ಯದ ದಿನ ಸತ್ಯಾತ್ಮ ಓಡಲಿಲ್ಲ. ಓಟದ ದಾರಿಯಲ್ಲಿ ನೀರು ಹಂಚುವ ಮೇಜಿನ ಬಳಿ ಅಮ್ಮ, ಹೆಂಡತಿ ಸಮೇತ ನಿಂತ. ಬೆವರಿದವರಿಗೆ ನೀರು ಬೇಡ ಎನ್ನುತ್ತಿದ್ದ ಲಕ್ಷ್ಮಮ್ಮ, “ಕುಡಿಚ್ಚುಟ್ಟು ಪೋಪ್ಪಾ, ಉಪ್ಪು ಪೋಟ್ಟಿರುಕ್ಕು,” ಎಂದು ತಮಿಳಿನಲ್ಲಿ ಕುಡಿದು ಹೋಗಲು ಹೇಳುತ್ತ, ಬಂದವರ ಕೈಗೆಲ್ಲ ಉಪ್ಪು ಹಾಕಿದ ಮಜ್ಜಿಗೆಯ ಲೋಟ ತುರುಕುತ್ತಿದ್ದರು.

ದೂರದಲ್ಲಿ ವಿಘ್ನೇಶ್ ಕಂಡ. ತುಟಿ ಒಣಗಿತ್ತು. ಲೋಟ ಬೇಡವೆಂದು ಕೈಯಾಡಿಸಿ ಮುಂದೆ ಹೋದವನು, ಗಕ್ಕನೆ ತಿರುಗಿ ಬಂದ ದಾರಿಯಲ್ಲೇ ವಾಪಸು ಓಡತೊಡಗಿದ. ನೋಡಿದವರು ನಕ್ಕರು.

ಸತ್ಯಾತ್ಮ ನಗಲಿಲ್ಲ. ಓಡಿಹೋಗಿ ತೋಳು ಹಿಡಿದ. “ವಿಘ್ನೇಶ್, ಎಲ್ಲಿದೀಯ ಈಗ?”

“ಆಫೀಸ್ ಲಿಫ್ಟ್ ಎಲ್ಲಿ ಸಾರ್?” ಎಂದ ವಿಘ್ನೇಶ್, ಖಾಲಿ ರಸ್ತೆಯನ್ನು ನೋಡುತ್ತ.

ನೆರಳಿನಲ್ಲಿ ಮಲಗಿಸಿದರು. ರಂಜನಿ 108ಕ್ಕೆ ಫೋನ್ ಮಾಡಿದಳು. ಯಾರೋ ಗಾಬರಿಯಲ್ಲಿ ಅವನ ಬಾಯಿಗೆ ಲೋಟ ಹಿಡಿಯಲು ಹೋದರು. ಅಷ್ಟರಲ್ಲಿ ಮೇಜಿನ ಆಚೆಯಿಂದ ಲಕ್ಷ್ಮಮ್ಮನ ದನಿ ರಸ್ತೆಗೆಲ್ಲ ಕೇಳಿಸಿತು:

“ಬಾಯಿಗಲ್ರೋ! ಮೈಗೆ, ಮೈಗೆ ಹಾಕ್ರೋ!”

ವಿಘ್ನೇಶ್ ಉಳಿದ. ಈಗ ಅವನೂ ಸತ್ಯಾತ್ಮನೂ ಬಾಟ್ಲಿ ಕಟ್ಟಿಕೊಂಡು ಒಟ್ಟಿಗೇ ಅಭ್ಯಾಸ ಮಾಡುತ್ತಾರೆ. ಮುಂದಿನ ಪಂದ್ಯದ ತಾರೀಕಿಗೆ ಲಕ್ಷ್ಮಮ್ಮನ ಒಪ್ಪಿಗೆ ಸಿಕ್ಕಿದೆ. ಹತ್ತಿರದಲ್ಲಿ ಏಕಾದಶಿಯಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನೀವು ಟ್ರೈಯಾಥ್ಲಾನ್ ಓಡದಿರಬಹುದು. ಬಿಸಿಲಲ್ಲಿ ಗಾರೆ ಕೆಲಸ ಮಾಡುತ್ತೀರಿ, ಸಂತೆಗೆ ಹೋಗುತ್ತೀರಿ, ಒಲೆಯ ಮುಂದೆ ನಿಲ್ಲುತ್ತೀರಿ. ಬಾಯಾರುವ ತನಕ ಕಾಯಬೇಡಿ, ಆಗಾಗ ನೀರು ಕುಡಿಯಿರಿ. ಉಪವಾಸವಿದ್ದರೆ ಬಿಸಿಲಿನ ದುಡಿಮೆ ಬಿಡಿ. ಮತ್ತೆ, ದಿನಾ ನೋಡುವ ಮನುಷ್ಯ ಸುಡುಬಿಸಿಲಲ್ಲಿ ನಿಮ್ಮ ಮುಂದೆ ನಿಂತು ತನ್ನ ಮನೆಯ ದಾರಿ ಕೇಳಿದರೆ, ದಯವಿಟ್ಟು ನಗಬೇಡಿ. ನೆರಳಿಗೆ ಕರೆದುಕೊಂಡು ಹೋಗಿ, ಮೈಗೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ. ಅವರು ಮನೆ ತಲುಪುವುದು ಆಗ ನಿಮ್ಮ ಕೈಯಲ್ಲಿರುತ್ತದೆ.