ಗುಬ್ಬಿ ತೊಟ್ಟ ಪರದೆ

ಐಸ್ ಅಂಗಳದ ಮೆಟ್ಟಿಲುಸಾಲಿನ ಅಡಿಯಲ್ಲಿ, ಸ್ಕೇಟಿನ ಅಲಗುಗಳಿಗೆ ಸಾಣೆ ಹಿಡಿಯುವ ಕೋಣೆಯ ಪಕ್ಕ, ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗವಿತ್ತು. ಅದು ಚಿಕ್ಕಮ್ಮನ ಸಾಮ್ರಾಜ್ಯ. ತಂಡದ ಹುಡುಗಿಯರ ಉಡುಪು ಹೊಲಿಯುವವಳು ಅವಳೇ, ಹರಿದದ್ದಕ್ಕೆ ತೇಪೆ ಹಾಕುವವಳೂ ಅವಳೇ. ಅಕ್ಕ ತೀರಿಕೊಂಡ ಮೇಲೆ ಅಕ್ಕನ ಮಗಳನ್ನು ಸಾಕಿ ಬೆಳೆಸಿದವಳೂ ಅವಳೇ. ಆ ಹುಡುಗಿಯನ್ನು ಅಂಗಳದಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಹೆಸರಿಟ್ಟಾಗ ಅವಳು ಗುಬ್ಬಿಯ ಹಾಗೇ ಇದ್ದಳು, ಅದರಲ್ಲಿ ಸುಳ್ಳಿಲ್ಲ.

ಕೋಚ್ ಮಹಾಶಯರಿಗೆ ತೂಕದ ಯಂತ್ರದ ಮೇಲೆ ನಂಬಿಕೆಯಿರಲಿಲ್ಲ. "ಯಂತ್ರ ಸುಳ್ಳು ಹೇಳುತ್ತೆ, ಬಟ್ಟೆ ಹೇಳಲ್ಲ" ಎನ್ನುತ್ತಿದ್ದರು. ಹೀಗಾಗಿ ವರ್ಷದ ಮೊದಲಿಗೆ ಅಳತೆ ತೆಗೆದು ಎಲ್ಲರಿಗೂ ನೀಲಿ ಮಖಮಲ್ಲಿನ ಉಡುಪು ಹೊಲಿಸುವುದು; ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ತೊಟ್ಟು ಅವರ ಕೋಣೆಗೆ ಹೋಗಿ, ಜಿಪ್ಪನ್ನು ಕತ್ತಿನವರೆಗೆ ಎಳೆದು, ಎರಡೂ ಕೈ ಮೇಲೆತ್ತಿ, ಉಸಿರು ತುಂಬಿಕೊಂಡು ಹತ್ತು ಎಣಿಸುವುದು. ಜಿಪ್ ಕಿತ್ತು ಬಂದರೆ ಹುಡುಗಿ ತಂಡದಿಂದ ಕಿತ್ತುಹೋದಂತೆ. ಆಗಲೇ ಇಬ್ಬರು ಮನೆ ಸೇರಿದ್ದರು. ಅವರಲ್ಲಿ ಒಬ್ಬಳು ಮಾಡಿದ ತಪ್ಪೆಂದರೆ ಏಳು ಎಣಿಸುವಾಗ ಸೀನಿದ್ದು.

ಇದೇ ಕೋಚ್ ಮಂಗಳವಾರದಿಂದ ಶನಿವಾರದವರೆಗೆ ಬೇರೆಯೇ ಮನುಷ್ಯ. ಹುಡುಗಿಯರ ಹೆಗಲ ಮೇಲೆ ಕಬ್ಬಿಣದ ಸಲಾಕೆ ಹೇರಿ ಬಸ್ಕಿ ಹೊಡೆಸುತ್ತಿದ್ದರು. "ಗಾಳಿಯಲ್ಲಿ ಮೂರು ಸುತ್ತು ಸುಮ್ಮನೆ ಬರುತ್ತಾ? ತೊಡೇಲಿ ಸ್ಪ್ರಿಂಗ್ ಇರಬೇಕು! ದಿನಕ್ಕೆ ಆರು ಮೊಟ್ಟೆ ತಿನ್ನಿ!" ತಿಂದ ಮೊಟ್ಟೆ ದೇಹದಲ್ಲಿ ಎಲ್ಲಿ ಹೋಗಿ ಅಡಗಿಕೊಳ್ಳಬೇಕು ಎಂಬುದನ್ನು ಮಾತ್ರ ಅವರು ಹೇಳಿಕೊಡಲಿಲ್ಲ.

ಗುಬ್ಬಿ ಐದು ದಿನ ತಿಂದು ಬೆಳೆಯುತ್ತಿದ್ದಳು, ಶನಿವಾರ ಸಂಜೆಯಿಂದ ಹೊಟ್ಟೆಗೆ ತಣ್ಣೀರು ಬಟ್ಟೆ. ಸೋಮವಾರ ಜಿಪ್ ಏರುತ್ತಿತ್ತು, ಮಂಗಳವಾರ ನೆಗೆತಕ್ಕೆ ಕಾಲು ಏಳುತ್ತಿರಲಿಲ್ಲ. ಎರಡೂವರೆ ಸುತ್ತಿಗೇ ದೊಪ್ಪೆಂದು ಬೀಳುತ್ತಿದ್ದಳು. ದೊಡ್ಡ ತಂಡದ ಆಯ್ಕೆಗೆ ಎರಡು ತಿಂಗಳಷ್ಟೇ ಉಳಿದಿತ್ತು. ಮೂರು ಸುತ್ತು ತಿರುಗಿ ಕಾಲೂರಿ ನಿಂತವಳಿಗೆ ಮಾತ್ರ ಅಲ್ಲಿ ಜಾಗ.

ಒಂದು ಭಾನುವಾರ ಗುಬ್ಬಿ ಬೇಯಿಸಿದ ಮೊಟ್ಟೆಯೊಂದನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸಿ, ಮತ್ತೆ ತಟ್ಟೆಯಲ್ಲಿಟ್ಟದ್ದನ್ನು ಚಿಕ್ಕಮ್ಮ ಕಂಡಳು.

"ತಿನ್ನೇ ಅದನ್ನ."

"ನಾಳೆ ಸೋಮವಾರ, ಚಿಕ್ಕಮ್ಮ."

"ಸೋಮವಾರ ನಂಗೆ ಬಿಡು. ನೀನು ತಿನ್ನು."

ಆ ಮಧ್ಯಾಹ್ನವೇ ಅವಳು ಉಡುಪಿನ ಪಕ್ಕದ ಹೊಲಿಗೆ ಬಿಚ್ಚಿ ಕಾಲಿಂಚು ಸಡಿಲ ಬಿಟ್ಟಳು. ಮುಂದಿನ ವಾರ ಇನ್ನೊಂದು ಕಾಲಿಂಚು. ಮೂರನೇ ವಾರಕ್ಕೆ ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿಯಿತು, ಗುಬ್ಬಿಯ ಬೆನ್ನು ಮಾತ್ರ ಮುಗಿಯಲಿಲ್ಲ. ಆ ನೀಲಿ ಬಟ್ಟೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಿದ್ದಂತೆ ಇದ್ದದ್ದು ಒಂದೇ ಕಡೆ: ಕೋಚ್ ಕೋಣೆಯ ಕಿಟಕಿಯಲ್ಲಿ. ಉಡುಪು, ಪರದೆ ಎಲ್ಲವೂ ಒಂದೇ ಥಾನಿನಿಂದ ಕತ್ತರಿಸಿದ್ದು.

"ಸಾರ್, ಪರದೆ ಕೊಳೆಯಾಗಿದೆ, ಒಗೆದು ತರ್ತೀನಿ" ಎಂದು ಚಿಕ್ಕಮ್ಮ ಹೊತ್ತುಕೊಂಡು ಬಂದಳು. ಒಂದು ಗೇಣು ಕತ್ತರಿಸಿ, ಹಿಗ್ಗಲಿ ಎಂದು ಪಟ್ಟಿಯನ್ನು ಓರೆಯಾಗಿ ಸೀಳಿ, ಕಂಕುಳ ಕೆಳಗೆ ಕೂರಿಸಿದಳು.

ಸೋಮವಾರ ಕೋಚ್ ಕಣ್ಣು ಕಿರಿದು ಮಾಡಿ ಕಿಟಕಿ ನೋಡಿದರು. "ಒಗೆದ್ರೆ ಇಷ್ಟು ಕುಗ್ಗುತ್ತೇನಮ್ಮಾ?"

"ವಯಸ್ಸಾದ್ಮೇಲೆ ಎಲ್ಲಾ ಕುಗ್ಗುತ್ತೆ ಸಾರ್."

ಅವರು ಸಡಿಲವಾದ ಬೆಲ್ಟನ್ನು ಮೇಲಕ್ಕೆ ಎಳೆದುಕೊಂಡರು. ಅವರೂ ವರ್ಷದಿಂದ ವರ್ಷಕ್ಕೆ ಕಡ್ಡಿಯಾಗುತ್ತಿದ್ದವರೇ.

ಹೀಗೆ ಪರದೆ ಒಗೆತಕ್ಕೆ ಹೋಗುವುದೂ ಕುಗ್ಗಿ ಬರುವುದೂ ನಡೆಯಿತು. ಬೆಳಗಿನ ಬಿಸಿಲು ನೇರವಾಗಿ ಕೋಚ್ ಮುಖಕ್ಕೆ ಹೊಡೆಯತೊಡಗಿತು. ಮೊದಲು ಅವರು ಕುರ್ಚಿ ಸರಿಸಿದರು, ಆಮೇಲೆ ಮೇಜು ಸರಿಸಿದರು, ಕೊನೆಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂತರು. ಗುಬ್ಬಿಯ ತೊಡೆ ಕಂಬವಾಯಿತು. ಅವಳು ಬಂದು ನಿಂತರೆ ಕೋಣೆಗೆ ಕೊಂಚ ನೆರಳಾಗುತ್ತಿತ್ತು. ಆದರೂ ಜಿಪ್ ಬೆಣ್ಣೆಯಲ್ಲಿ ಜಾರಿದ ಹಾಗೆ ಏರುತ್ತಿತ್ತು. "ನೋಡಿ ಕಲೀರಿ! ಮೊದಲ ದಿನ ಹೇಗಿದ್ದಳೋ ಹಾಗೇ ಇದ್ದಾಳೆ. ಒಂದು ಕೂದಲೆಳೆ ಬೆಳೆದಿಲ್ಲ!" ಎಂದು ಕೋಚ್ ಉಳಿದವರಿಗೆ ಬುದ್ಧಿ ಹೇಳುತ್ತಿದ್ದರು. ಉಳಿದವರು ನಗು ತಡೆಯಲು ಕೆನ್ನೆಯ ಒಳಭಾಗ ಕಚ್ಚಿಕೊಳ್ಳುತ್ತಿದ್ದರು.

ಆಯ್ಕೆಯ ದಿನ ಹತ್ತಿರವಾದಾಗ ಪರದೆಯಲ್ಲಿ ಉಳಿದದ್ದು ಒಂದೇ ತುಂಡು. ಅದರ ಮೇಲೆ ಚಪ್ಪಲಿಯಾಕಾರದ ಟೀ ಕಲೆ. ಕೋಚ್ ಎಂದೋ ಚೆಲ್ಲಿಕೊಂಡು, ಯಾರಿಗೂ ಕಾಣದಿರಲಿ ಎಂದು ಮಡಿಕೆಯೊಳಗೆ ತಳ್ಳಿದ್ದರು. ಚಿಕ್ಕಮ್ಮ ನಾಲ್ಕು ಸಲ ಸೋಪು ಹಾಕಿ ಉಜ್ಜಿದಳು, ಹೋಗಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನು ಲಂಗದ ಕೆಳಗೆ, ಸೊಂಟದ ಹತ್ತಿರ ಹೊಲಿದಳು. ನಿಂತಾಗ ಕಾಣುವುದಿಲ್ಲ, ನೆಗೆದಾಗ ಮಾತ್ರ ಕಾಣುತ್ತದೆ. ನೆಗೆಯುವುದೇ ಗುಬ್ಬಿಯ ಕೆಲಸ ಎಂಬುದು ಚಿಕ್ಕಮ್ಮನಿಗೆ ಹೊಲಿದು ಮುಗಿಸಿದ ಮೇಲೆ ನೆನಪಾಯಿತು.

ಆಯ್ಕೆಯ ಬೆಳಿಗ್ಗೆ ಗುಬ್ಬಿ ನಾಲ್ಕು ಮೊಟ್ಟೆ ತಿಂದು ಐಸಿಗಿಳಿದಳು. ಚಿಕ್ಕಮ್ಮ ಬೇಲಿಯ ಬಳಿ ಸೂಜಿದಾರ ಹಿಡಿದು ನಿಂತಳು. ಹುಡುಗಿ ಹಿಂದಕ್ಕೆ ಜಾರಿದಳು, ಮಂಡಿ ಬಗ್ಗಿಸಿದಳು, ಎದ್ದಳು. ಒಂದು ಸುತ್ತು, ಲಂಗ ಹಾರಿತು. ಎರಡನೆಯದು, ಟೀ ಕಲೆ ಕಂಡಿತು. ತೀರ್ಪುಗಾರರ ಪಕ್ಕದಲ್ಲಿದ್ದ ಕೋಚ್ ಕಪ್ಪು ಕನ್ನಡಕ ತೆಗೆದರು. ಮೂರನೆಯ ಸುತ್ತು ಮುಗಿಸಿ ಗುಬ್ಬಿ ಒಂಟಿ ಕಾಲಿನ ಮೇಲೆ ಇಳಿದಳು, ಅಲುಗಾಡಲಿಲ್ಲ. ಅಂಗಳವೇ ಚಪ್ಪಾಳೆ ತಟ್ಟಿತು.

ಚಪ್ಪಾಳೆ ಮುಗಿಯುವ ಮೊದಲೇ ಚಿಕ್ಕಮ್ಮ ತನ್ನ ಗೂಡಿಗೆ ಬಂದು ಕತ್ತರಿ, ಟೇಪು, ಚಾಕ್ ಎಲ್ಲ ಚೀಲಕ್ಕೆ ತುಂಬತೊಡಗಿದಳು. ತನ್ನ ಕೆಲಸ ಹೋದರೆ ಹೋಗಲಿ, ಹುಡುಗಿಯ ಜಾಗವನ್ನು ಕಿತ್ತುಕೊಳ್ಳದಿರಲಿ ಎಂದುಕೊಂಡಳು. ಕೋಚ್ ಬಾಗಿ ಒಳಬಂದು ಸ್ಟೂಲಿನ ಮೇಲೆ ಕೂತರು.

"ಆ ಟೀ ಕಲೆ ನಂದು."

"ಹೌದು ಸಾರ್."

"ಅವಳು ಹಾಕ್ಕೊಂಡಿರೋದ್ರಲ್ಲಿ ಹಳೇ ಬಟ್ಟೆ ಎಷ್ಟು, ಪರದೆ ಎಷ್ಟು?"

"ಜಿಪ್ಪು, ಕಾಲರು ಹಳೇದು ಸಾರ್. ಮಿಕ್ಕಿದ್ದೆಲ್ಲ ನಿಮ್ಮ ಕಿಟಕಿ."

ಪಕ್ಕದ ಕೋಣೆಯಲ್ಲಿ ಯಾರೋ ಅಲಗು ಸಾಣೆ ಹಿಡಿಯುತ್ತಿದ್ದರು. ಆ ಸದ್ದು ನಿಂತ ಮೇಲೆ ಕೋಚ್ ಬಾಯಿ ಬಿಟ್ಟರು.

"ನನ್ನ ಆಯ್ಕೆ ದಿನ ನಾನು ಮೂರನೇ ಸುತ್ತಲ್ಲಿ ಬಿದ್ದೆ. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಬಟ್ಟೆ ಮಾತ್ರ ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತಾ."

ಚಿಕ್ಕಮ್ಮ ಚೀಲ ತುಂಬುವುದನ್ನು ನಿಲ್ಲಿಸಿದಳು. ಗುಬ್ಬಿಗೆಂದು ಡಬ್ಬಿಯಲ್ಲಿಟ್ಟಿದ್ದ ಎರಡು ಮೊಟ್ಟೆಯಲ್ಲಿ ಒಂದನ್ನು ಸುಲಿದು ಅವರ ಕೈಗಿಟ್ಟಳು. ಅವರು ಅದನ್ನು ಮೂಸಿ ನೋಡಿದರು, ಆಮೇಲೆ ಎರಡೇ ತುತ್ತಿಗೆ ತಿಂದರು.

"ಮೀಟಿಂಗ್ ಹಾಲಿನ ಪರದೆಗಳೂ ಅದೇ ಥಾನಿಂದು" ಎಂದು ಬಾಯಿ ಒರೆಸಿಕೊಳ್ಳುತ್ತ ಎದ್ದರು. "ಮನೆಗೆ ಕಳಿಸಿದ ಆ ಇಬ್ಬರನ್ನೂ ನಾಳೆ ಕರೆಸ್ತೀನಿ. ಅಳತೆ ತಗೊಳ್ಳಿ."

ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಊಟ ಆದ್ಮೇಲೆ ತಗೊಳ್ಳಿ."